ಮುಂದಣ ಸಾಲಿನ ಕೇಳುಗರು: ಮಾದೇಶ್ವರ ಕಾವ್ಯದ ಸಂಕಮ್ಮನ ಕಥೆಗೆ ದೊರೆತ ಒಪ್ಪು-ತಪ್ಪುಗಳ ವಿಚಾರ

ಒಬ್ಬನೇ ನಾಯಕನನ್ನು ನೆಚ್ಚಿ ಬೆಳೆಯುವ ಕಥಾಮಾಲಿಕೆಗಳಲ್ಲಿ ಮೊದಲ ಭಾಗಕ್ಕೆ ಸಂದ ಪ್ರೀತಿ ಮುಂದಣ ಭಾಗಗಳಿಗೆ ಅದೇ ಬಗೆಯಲ್ಲಿ ಸಲ್ಲುವುದಿಲ್ಲವೆಂಬುದು ಓದುವ ಅಭ್ಯಾಸವುಳ್ಳ ಎಲ್ಲರೂ ಬಲ್ಲ ಸಂಗತಿ. 1997ರಿಂದ 2007ರವರೆಗೆ ಏಳು ಸಂಪುಟಗಳಾಗಿ ಹೊರಬಂದ ಹ್ಯಾರಿ ಪಾಟರ್ ಮಾಲಿಕೆಯ ಐದನೆಯ ಸಂಪುಟವು ಮೂರು ವರ್ಷಗಳ ನಿರೀಕ್ಷೆಯ ತರುವಾಯ 2003ರಲ್ಲಿ ಪ್ರಕಟವಾದಾಗ, ಗಾತ್ರದಲ್ಲಿ ಉಳಿದೆಲ್ಲವನ್ನೂ ಮೀರಿದ ಆ ಪುಸ್ತಕವನ್ನು ಕೆಲವರು ಅದರ ವಿಸ್ತಾರಕ್ಕಾಗಿಯೂ, ಮತ್ತೆ ಕೆಲವರು ತಾವು ಮೆಚ್ಚಿದ ಹುಡುಗ ಕಂಡಕಂಡವರ ಮೇಲೆ ರೇಗುವವನಾದನೆಂಬ ಬೇಸರದಿಂದಲೂ ಆಕ್ಷೇಪಿಸಿದರು. ಆ ರೇಗಾಟವೇ ಹದಿಹರೆಯದ ಸತ್ಯವೆಂದು ಎತ್ತಿ ಹಿಡಿದವರೂ ಇದ್ದರು. ಇಂಥ ಚರ್ಚೆ ಅಚ್ಚಿನ ಯುಗದ ಕೂಸೆಂದು ಭಾವಿಸಿದವರು ಕೊಳ್ಳೇಗಾಲ, ಹನೂರು, ಯಳಂದೂರುಗಳ ಸೀಮೆಯಲ್ಲಿ ಒಂದು ಇರುಳು ಕಂಸಾಳೆಯವರ ಮುಂದೆ ಚಾಪೆ ಹಾಸಿ ಕುಳಿತರೆ ತಮ್ಮ ಭಾವನೆಯನ್ನು ತಿದ್ದಿಕೊಳ್ಳಬೇಕಾದೀತು. ಏಳುಮಲೆಯ ಮಾದಪ್ಪನ ಕಥೆಯಲ್ಲಿಯೂ ಮೊದಲ ಭಾಗ, ಮುಂದಣ ಭಾಗಗಳೆಂಬ ಭೇದವುಂಟು. ಅವುಗಳನ್ನು ಕುರಿತು ಕೇಳುಗರಲ್ಲಿ ಪಂಗಡಗಳೂ ಉಂಟು. ಪ್ರಸ್ತುತ ಲೇಖನದ ವಿಷಯ ಆ ಮುಂದಣ ಭಾಗಗಳಲ್ಲೊಂದಾದ ಸಂಕಮ್ಮನ ಸಾಲು ಮತ್ತು ಅದಕ್ಕೆ ಕೇಳುಗರು ಕೊಡುವ ತೀರ್ಪು.

ಈ ಕಾವ್ಯದ ಒಂದೊಂದು ಭಾಗಕ್ಕೂ ಹಾಡುವವರಾದ ದೇವರಗುಡ್ಡರು ಇಟ್ಟಿರುವ ಹೆಸರು ‘ಸಾಲು’. ಕಾಂಡ, ಪರ್ವ, ಸಂಧಿ ಎಂಬ ಗ್ರಾಂಥಿಕ ಪದಗಳನ್ನು ಬಿಟ್ಟು ಉಳುಮೆಯವನ ನಾಲಗೆಯಲ್ಲಿ ಸದಾ ಇರುವ ಈ ಪದ ಬಂದುದು ನನಗೆ ಆಕಸ್ಮಿಕವೆಂದು ತೋರುವುದಿಲ್ಲ. ನೇಗಿಲ ಸಾಲು ಹಿಂದಿನ ಸಾಲನ್ನು ಆತುಕೊಂಡೇ ಹೋಗುವುದಾದರೂ ಪ್ರತಿ ಸಾಲಿಗೂ ತನ್ನದೇ ಆದ ಮೊದಲು ಕೊನೆಗಳಿರುವಂತೆ, ಉತ್ತರಾಜಮ್ಮನ ಮಗನಾಗಿ ಮಾದಪ್ಪ ಹುಟ್ಟಿದ ಕಥೆ, ಶ್ರವಣ ದೊರೆಯ ಸಂಹಾರ, ಆಲಂಬಾಡಿಯ ಜುಂಜೇಗೌಡನ ಭಕ್ತಿ, ಬೇವಿನಹಟ್ಟಿ ಕಾಳಮ್ಮನ ಗರ್ವಭಂಗ, ಇಕ್ಕೇರಿ ದೇವಮ್ಮನ ಕಥೆ, ಸಂಕಮ್ಮನ ಕಥೆ ಇವೆಲ್ಲ ಒಂದರ ಪಕ್ಕದಲ್ಲೊಂದು ನಿಂತು, ಯಾವುದನ್ನು ಬೇಕಾದರೂ ಒಂದು ಇರುಳಿಗೆ ಎತ್ತಿಕೊಳ್ಳುವಷ್ಟು ಸ್ವತಂತ್ರವಾಗಿವೆ. ಹರಕೆ ಹೊತ್ತ ಮನೆಯವರು ಕೇಳಿದ ಸಾಲನ್ನು ಹಾಡುವುದು ವಾಡಿಕೆ. ಆದಕಾರಣ ಹಿಂದಿನ ಸಾಲನ್ನು ಕೇಳಿಯೇ ಇಲ್ಲದವನು ಮುಂದಿನದನ್ನು ಮೊದಲು ಕೇಳುವುದೂ, ಹುಟ್ಟಿನ ಕಥೆ ಅವನಿಗೆ ಮದುವೆಯಾಗಿ ಮಕ್ಕಳಾದ ಮೇಲೆ ದೊರಕುವುದೂ ಇಲ್ಲಿ ಅಪರೂಪವಲ್ಲ.

ಹೀಗಿದ್ದೂ ಕಥಾನುಕ್ರಮದ ಅರಿವು ಕೇಳುಗರಲ್ಲಿ ಗಟ್ಟಿಯಾಗಿಯೇ ಇದೆ. ದೇವಾದಿದೇವತೆಗಳನ್ನು ಸೆರೆಯಲ್ಲಿಟ್ಟು ಊಳಿಗ ಮಾಡಿಸಿಕೊಳ್ಳುತ್ತಿದ್ದ ಶ್ರವಣನನ್ನು ಎಳೆಯ ಪ್ರಾಯದ ಮಾದಪ್ಪ ಬಲದಿಂದ ಗೆಲ್ಲದೆ ಉಪಾಯದಿಂದ ಗೆಲ್ಲುತ್ತಾನೆ: ಹರಳಯ್ಯನ ಕೈಯಲ್ಲಿ ಅರಗಿನ ಪಾದರಕ್ಷೆಗಳನ್ನು ಮಾಡಿಸುತ್ತಾನೆ, ಮೆಟ್ಟಿದ ದೊರೆ ಉರಿದುಹೋಗುತ್ತಾನೆ. ಹುಡುಗರಿಗೆ ಈ ಸಾಲು ಪ್ರಿಯವಾಗಲು ಬೇರೆ ಕಾರಣ ಹುಡುಕಬೇಕಾಗಿಲ್ಲ. ತಮಗಿಂತ ಬಹಳ ದೊಡ್ಡವನೂ ಬಹಳ ಕೆಟ್ಟವನೂ ಆದ ಒಬ್ಬನನ್ನು ತಮ್ಮಂಥ ಒಬ್ಬ ಹುಡುಗ ಜಾಣತನದಿಂದ ಮಣಿಸುತ್ತಾನೆ. ಅದರ ಮೇಲೆ ಹುಲಿಯ ಸವಾರಿ ಬೇರೆ. ಯಳಂದೂರಿನ ಕಡೆಯ ಕೇಳುಗರಿಗಾದರೋ ಈ ಸಾಲಿನಲ್ಲಿ ಮತ್ತೊಂದು ಆತ್ಮೀಯತೆಯಿದೆ. ಬಿಳಿಗಿರಿಯ ರಂಗನಾಥನಿಗೆ ಬೂದಿತಿಟ್ಟಿನ ಮಾದಿಗ ಭಕ್ತರು ಬೃಹದಾಕಾರದ ಚರ್ಮದ ಪಾದರಕ್ಷೆಗಳನ್ನು ಹೊಲಿದು ಒಪ್ಪಿಸುವ ಸಂಪ್ರದಾಯವನ್ನು ಕಣ್ಣಾರೆ ಕಂಡವರು ಹರಳಯ್ಯನ ಪ್ರಸಂಗ ಬಂದಾಗ ಒಂದಿಷ್ಟು ನೆಟ್ಟಗೆ ಕೂರುವುದನ್ನು ನೋಡಿದ್ದೇನೆ. ಒಂದು ಕಡೆ ಕೆರ ದೇವರ ಕಾಲಿಗೆ ಭೂಷಣ, ಇನ್ನೊಂದು ಕಡೆ ದುಷ್ಟನ ಕಾಲಿಗೆ ಮೃತ್ಯು. ಎರಡೂ ಒಂದೇ ಕಸುಬಿನ ಕೈಗಳಿಂದ ಬಂದವು.

ಈ ಹುಡುಗ ಮುಂದಣ ಸಾಲುಗಳಲ್ಲಿ ಬೆಳೆದು ತಪಸ್ವಿಯಾಗುತ್ತಾನೆ. ಬೆಟ್ಟದಲ್ಲಿ ನೆಲೆಯೂರಿ, ಭಿಕ್ಷುಕನ ವೇಷದಲ್ಲಿ ಮನೆಮನೆಗೆ ಹೋಗಿ, ದಾನ ಕೊಡದವರ ಸಿರಿಯನ್ನು ಮುರಿದು, ನಂಬಿದವರನ್ನು ಒಕ್ಕಲು ಮಾಡಿಕೊಳ್ಳುತ್ತಾನೆ. ಕಾಳಮ್ಮನ ಸಾಲನ್ನೂ ದೇವಮ್ಮನ ಸಾಲನ್ನೂ ಒಟ್ಟಿಗೆ ಕೇಳಿದವರು ಎರಡರ ನಡೆಯೂ ಒಂದೇ ಎಂದು ಮೆಲ್ಲಗೆ ಗೊಣಗುವುದುಂಟು. ನನ್ನ ಮಟ್ಟಿಗೆ ಆ ಗೊಣಗಾಟದಲ್ಲಿ ತಿರುಳಿದೆ. ಕಿರಿಯರ ದೂರು ಬೇರೆ ಬಗೆಯದು. ಶ್ರವಣನನ್ನು ಕೊಂದ ಮೇಲೆ ಹಗೆಯೇ ಉಳಿಯದ ಮಾದಪ್ಪ ಅಕ್ಕಿಬೇಳೆ ಕೊಡದ ಹೆಂಗಸರ ಮೇಲೆ ಮುನಿಯುವುದು ಅವರಿಗೆ ಸಣ್ಣ ಕೆಲಸವಾಗಿ ಕಾಣುತ್ತದೆ. ಹನೂರಿನ ಒಂದು ಮನೆಯ ಜಗಲಿಯಲ್ಲಿ ಹೈಸ್ಕೂಲಿನ ಹುಡುಗನೊಬ್ಬ ಇದನ್ನು ಒಂದೇ ಮಾತಿನಲ್ಲಿ ಹೇಳಿಬಿಟ್ಟ: “ಸರವಣ ಸತ್ಮೇಕ ಮಾದಪ್ಪಂಗೆ ಕೆಲ್ಸನೇ ಇಲ್ಲ ಸಾರ್.” ಅವನ ಅಜ್ಜಿ ಒಳಗಿನಿಂದ ಗದರಿ ಕೆನ್ನೆ ಬಡಿದುಕೊಳ್ಳೆಂದಳು, ಅವನು ಬಡಿದುಕೊಂಡ, ಅಭಿಪ್ರಾಯವನ್ನು ಮಾತ್ರ ಹಿಂದೆಗೆದುಕೊಳ್ಳಲಿಲ್ಲ.

ಸಂಕಮ್ಮನ ಸಾಲಿನ ಸ್ಥಾನ ವಿಶಿಷ್ಟವಾಗುವುದು ಇಲ್ಲಿ. ಸೋಲಿಗರ ನೀಲಯ್ಯನ ಹೆಂಡತಿ ಸಂಕಮ್ಮ, ಮಕ್ಕಳಿಲ್ಲದವಳು. ಜೇನಿಗಾಗಿ ದೂರದ ಕಾಡಿಗೆ ಹೊರಟ ಗಂಡ, ತಾನು ಹಿಂದಿರುಗುವವರೆಗೆ ಶೀಲಗೆಡುವುದಿಲ್ಲವೆಂದು ಕೈಮುಟ್ಟಿ ಭಾಷೆ ಕೊಡೆಂದು ಕೇಳುತ್ತಾನೆ. ಅವಳು ಕೊಡುವುದಿಲ್ಲ. ತಪ್ಪು ಮಾಡುವ ಇಚ್ಛೆ ಅವಳಿಗಿಲ್ಲವೆಂಬುದು ಕೇಳುವವರೆಲ್ಲರಿಗೂ ಗೊತ್ತು, ನೀಲಯ್ಯನಿಗೂ ಗೊತ್ತು. ಆದರೂ ಅವಳು ಕೊಡುವುದಿಲ್ಲ, ಅವನು ಬಿಡುವುದಿಲ್ಲ. ಕಡೆಗೆ ಅವನು ಅವಳನ್ನು ಗುಡಿಸಲಲ್ಲಿ ಕಟ್ಟಿಹಾಕಿ, ಮಾಟಮಂತ್ರದ ಕಾವಲಿಟ್ಟು ಕಾಡಿಗೆ ಹೋಗುತ್ತಾನೆ. ಅವಳ ಮೊರೆ ಕೇಳಿ ಬಂದ ಮಾದಪ್ಪ ಕಟ್ಟು ಬಿಡಿಸಿ ಸಂತಾನವನ್ನು ಕರುಣಿಸುತ್ತಾನೆ. ಹಿಂದಿರುಗಿದ ಗಂಡ ಮತ್ತೆ ಸಂಶಯಪಟ್ಟು ಪರೀಕ್ಷೆಗೆ ಒಡ್ಡುತ್ತಾನೆ. ಗೆದ್ದ ಸಂಕಮ್ಮನ ಮಕ್ಕಳಾದ ಕಾರಯ್ಯ ಬಿಲ್ಲಯ್ಯರು ಮಾದಪ್ಪನ ಮಕ್ಕಳೆಂದೇ ಹೆಸರಾಗುತ್ತಾರೆ. ಗಮನಿಸಬೇಕಾದ ಅಂಶವೆಂದರೆ, ಸಾಲಿನ ಬಹುಭಾಗದಲ್ಲಿ ಮಾಲಿಕೆಯ ನಾಯಕನೇ ರಂಗದ ಮೇಲಿಲ್ಲ. ಕಥೆ ಒಬ್ಬ ಹೆಣ್ಣಿನ ‘ಒಲ್ಲೆ’ ಎಂಬ ಮಾತಿನ ಮೇಲೆ ನಿಂತಿದೆ. ದೇವರು ಬರುವುದು ಆ ಮಾತಿನ ಬೆಲೆಯನ್ನು ಅವಳು ತೆತ್ತ ತರುವಾಯ.

ಆದುದರಿಂದಲೇ ಈ ಸಾಲನ್ನು ಕುರಿತ ಅಭಿಪ್ರಾಯಭೇದ ತೀಕ್ಷ್ಣವಾದುದು. ಗಂಡಸರಲ್ಲಿ, ಅದರಲ್ಲಿಯೂ ವಯಸ್ಸಾದವರಲ್ಲಿ, ಒಂದು ಭಾಷೆ ಕೊಟ್ಟಿದ್ದರೆ ಏನು ಗಂಟು ಹೋಗುತ್ತಿತ್ತೆಂದು ಕೇಳುವವರು ಇದ್ದೇ ಇದ್ದಾರೆ. ಹೆಂಗಸರ ಪಕ್ಷ ಒಂದೇ ಬಗೆಯದಲ್ಲ. ಸಂಕಮ್ಮ ಸಹಿಸಿದಳೆಂದು ಕಣ್ಣೊರಸಿಕೊಳ್ಳುವವರು ಒಂದು ಕಡೆ, ಮಣಿಯಲಿಲ್ಲವೆಂದು ಹೆಮ್ಮೆಪಡುವವರು ಇನ್ನೊಂದು ಕಡೆ. ಮೂರನೆಯದಾಗಿ, ಬಿಡಿಸಲು ಬಂದ ಮಾದಪ್ಪನೂ ಮಕ್ಕಳನ್ನು ತನ್ನ ಒಕ್ಕಲಾಗಿ ಬೇಡಿದನಲ್ಲ, ಕೊನೆಗೆ ಆಕೆಗೆಂದು ಉಳಿದುದೇನು ಎಂದು ತರ್ಕಿಸಿದ ಒಬ್ಬ ತಾಯಿಯ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. ದೇವರ ನಡತೆಯನ್ನು ತೂಗಿ ನೋಡುವ ಈ ಸ್ವಾತಂತ್ರ್ಯ ಭಕ್ತಿಗೆ ವಿರುದ್ಧವೆಂದು ಆಕೆ ಎಣಿಸಿರಲಿಲ್ಲ. ಮಾತು ಮುಗಿಸಿ ಉಘೇ ಎಂದು ಕೈಮುಗಿದೇ ಎದ್ದಳು.

ಇದೇ ಸೀಮೆಯ ಇನ್ನೊಂದು ಕೃತಿಯನ್ನು ಇಲ್ಲಿ ನೆನೆಯದಿರಲಾಗದು. ಮೈಸೂರಿನ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುವ ಊಳಿಗದಲ್ಲಿದ್ದ ಹೊನ್ನಮ್ಮ ಯಳಂದೂರಿನವಳು. ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ಆಕೆ ಸಾಂಗತ್ಯದಲ್ಲಿ ರಚಿಸಿದ ‘ಹದಿಬದೆಯ ಧರ್ಮ’ದ ವಸ್ತು ಪತಿವ್ರತೆಯ ನಡೆನುಡಿ. ಹೆಣ್ಣನ್ನು ಹಳಿಯುವವರನ್ನು ಆ ಕೃತಿಯಲ್ಲಿಯೇ ಆಕೆ ಪ್ರಶ್ನಿಸಿದ್ದಾಳೆಂಬುದು ಪ್ರಸಿದ್ಧವಾಗಿದ್ದರೂ, ಒಟ್ಟಿನಲ್ಲಿ ಪಾತಿವ್ರತ್ಯವೆಂಬುದು ಅಲ್ಲಿ ಹೇಳಿ ತಿಳಿಸಬಹುದಾದ, ನಿಯಮಗಳಾಗಿ ವಿಂಗಡಿಸಬಹುದಾದ ಧರ್ಮ. ಹೊನ್ನಮ್ಮನ ಊರಿನಿಂದ ಕಣ್ಣಿಗೆ ಕಾಣುವ ಬೆಟ್ಟಸಾಲಿನಲ್ಲಿಯೂ ಅದರಾಚೆಯ ಮಲೆಗಳಲ್ಲಿಯೂ ಹಾಡಿಕೊಂಡು ಬಂದ ಸಂಕಮ್ಮನಾದರೋ ಶೀಲವನ್ನು ಪಾಲಿಸುತ್ತಾಳೆ, ಅದನ್ನು ಮಾತಾಗಿಸಿ ಒಪ್ಪಿಸುವುದಕ್ಕೆ ಮಾತ್ರ ಒಪ್ಪುವುದಿಲ್ಲ. ಒಂದು ಕೃತಿ ಮತ್ತೊಂದಕ್ಕೆ ಉತ್ತರವೆಂದು ಸಾಧಿಸುವ ಸಾಹಸ ನನಗಿಲ್ಲ; ಆದರೆ ಎರಡನ್ನೂ ಬಲ್ಲ ಓದುಗ ಹೊನ್ನಮ್ಮನ ಪ್ರಶ್ನೆಗಳನ್ನು ಸಂಕಮ್ಮನ ಮೌನದ ಪಕ್ಕದಲ್ಲಿಟ್ಟು ಓದಿದರೆ ಎರಡಕ್ಕೂ ಲಾಭವಿದೆ.

ಸೋಲಿಗರ ದೃಷ್ಟಿ ಬೇರೊಂದು. ಕಾರಯ್ಯನನ್ನು ತಮ್ಮ ಮೂಲಪುರುಷನೆಂದು ಹೇಳಿಕೊಳ್ಳುವ ಅವರಿಗೆ ಈ ಸಾಲು ಮಾಲಿಕೆಯ ನಡುವಣ ಅಥವಾ ಮುಂದಣ ಭಾಗವಾಗಿರದೆ ತಮ್ಮ ಕುಲದ ಮೊದಲ ಅಧ್ಯಾಯವಾಗಿದೆ. ಬಿಳಿಗಿರಿಯ ರಂಗ ತಮ್ಮ ಹೆಣ್ಣು ಕುಸುಮಾಲೆಯನ್ನು ವರಿಸಿದನೆಂದು ಅವನನ್ನು ಭಾವನೆಂದು ಕರೆಯುವ ಜನ, ಮಾದಪ್ಪನೊಡನೆಯೂ ನಂಟಿನ ಭಾಷೆಯಲ್ಲಿಯೇ ವ್ಯವಹರಿಸುವುದು ಸಹಜವಾದುದು. ಇಷ್ಟರಿಂದ ನೀಲಯ್ಯನ ಮೇಲಿನ ಸಿಟ್ಟು ಅವರಲ್ಲಿ ಕೊಂಚ ಮೆತ್ತಗಾಗುತ್ತದೆ. ಮನೆಯ ಹಿರಿಯನೊಬ್ಬನ ತಪ್ಪನ್ನು ಮನೆಯವರು ನೆನೆಯುವ ರೀತಿ ಅದು.

ಈ ಬಗೆಯ ಕೇಳುಗರ ಮಾತುಗಳು ವಿದ್ವಾಂಸರ ಗಮನಕ್ಕೆ ತಡವಾಗಿ ಬಂದುದಕ್ಕೆ ಆಡಳಿತದ ಗಡಿಗಳೂ ಒಂದಿಷ್ಟು ಹೊಣೆ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ತಾಲ್ಲೂಕು ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. ಪಕ್ಕದ ಯಳಂದೂರಾದರೋ ದಿವಾನ್ ಪೂರ್ಣಯ್ಯನವರ ಜಹಗೀರಾಗಿ ಮೈಸೂರಿನಲ್ಲಿತ್ತು. ಹಾಡುವವರಿಗೆ ಈ ಗಡಿ ತೊಡಕಾಗಲಿಲ್ಲ. ಪಿ. ಕೆ. ರಾಜಶೇಖರ ಅವರ ಬೃಹತ್ ಸಂಗ್ರಹ 1973ರಲ್ಲಿಯೂ, ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ ಪಾಠವನ್ನು ಆಧರಿಸಿದ ಕೆ. ಕೇಶವನ್ ಪ್ರಸಾದ್ ಅವರ ಸಂಪಾದನೆ 1997ರಲ್ಲಿಯೂ ಬೆಳಕು ಕಂಡವು. ಎರಡನೆಯದರ ಇಂಗ್ಲಿಷ್ ಅನುವಾದವನ್ನು ಸಿ. ಎನ್. ರಾಮಚಂದ್ರನ್ ಮತ್ತು ಎಲ್. ಎನ್. ಭಟ್ ಅವರು ಮಾಡಿ 2001ರಲ್ಲಿ ಸಾಹಿತ್ಯ ಅಕಾಡೆಮಿ ಹೊರತಂದಿತು. ಅಚ್ಚಿನ ಉಪಕಾರವನ್ನು ಅಲ್ಲಗಳೆಯುವವನು ನಾನಲ್ಲ. ಆದರೆ ಪುಟದಲ್ಲಿ ಸಾಲುಗಳು ಒಂದರ ಹಿಂದೊಂದು ಕೂಡುವುದರಿಂದ ಓದುಗನಿಗೆ ಮುಂದಣ ಸಾಲು ಹಿಂದಣದರ ಬಾಲವೆಂಬಂತೆ ತೋರುತ್ತದೆ. 2018ರಲ್ಲಿ ಝೀ ಕನ್ನಡದಲ್ಲಿ ಆರಂಭವಾದ ‘ಉಘೇ ಉಘೇ ಮಾದೇಶ್ವರ’ ಧಾರಾವಾಹಿ ಈ ಅನುಕ್ರಮಪ್ರಜ್ಞೆಯನ್ನು ಮನೆಮನೆಗೆ ಮುಟ್ಟಿಸಿತು. ಈಗಿನ ಹುಡುಗರ ಬಾಯಲ್ಲಿ ‘ಮುಂದಿನ ಎಪಿಸೋಡ್’ ಎಂಬ ಮಾತು ಸಾಲಿಗೂ ಅನ್ವಯವಾಗುತ್ತಿರುವುದು ಅದರ ಫಲ.

ಅಚ್ಚಾದ ಪುಸ್ತಕದ ಓದುಗ ಎಷ್ಟು ಆಕ್ಷೇಪಿಸಿದರೂ ಆ ಸಂಪುಟದ ಒಂದಕ್ಷರವೂ ಕದಲುವುದಿಲ್ಲ. ಸಾಲಿನ ಕೇಳುಗನ ಸ್ಥಿತಿ ಹಾಗಲ್ಲವೆಂಬುದನ್ನು ನಾನು ಅರಿತುದು ಕೊಳ್ಳೇಗಾಲದ ಸಮೀಪದ ಒಂದು ಹಳ್ಳಿಯಲ್ಲಿ, ಶಿವರಾತ್ರಿಗೆ ಹಿಂದಿನ ವಾರ. ಮನೆಯ ಮುಂದಣ ಚಪ್ಪರದಲ್ಲಿ ಮೂವರು ದೇವರಗುಡ್ಡರು ಕುಳಿತಿದ್ದರು. ಎಡಗೈಯಲ್ಲಿ ಬಟ್ಟಲಿನಂಥ ಕಂಚು, ಬಲಗೈಯಲ್ಲಿ ಗೊಂಡೆ ಕಟ್ಟಿದ ತಾಳ, ಪಕ್ಕದವನ ಕೈಯಲ್ಲಿ ದಮ್ಮಡಿ. ಎತ್ತಿಕೊಂಡುದು ಸಂಕಮ್ಮನ ಸಾಲು, ಮನೆಯ ಹೆಂಗಸರು ಕೇಳಿದ್ದೇ ಅದು. ಹುಡುಗರು ಹತ್ತು ಗಂಟೆಗೆಲ್ಲ ಶ್ರವಣ ಇಲ್ಲವೆಂದು ತಿಳಿದು ನಿದ್ದೆಹೋದರು. ನಡುವಿರುಳು ಕಳೆದು, ನೀಲಯ್ಯ ಸಂಕಮ್ಮನನ್ನು ಕಟ್ಟಿ ಕಾವಲಿಟ್ಟು ಹೊರಟುಹೋದ ಘಟ್ಟಕ್ಕೆ ಬಂದಾಗ, ಮುಖ್ಯ ಗಾಯಕರು ತಾಳ ನಿಲ್ಲಿಸಿ ಟವೆಲಿನಿಂದ ಕುತ್ತಿಗೆ ಒರಸಿಕೊಂಡು ಲೋಟಕ್ಕೆ ಕೈಚಾಚಿದರು. ರೂಢಿಯ ವಿರಾಮ, ಕುತೂಹಲ ಉಳಿಯಲೆಂದು ಅಲ್ಲಿಯೇ ನಿಲ್ಲಿಸುವುದು ಅವರ ಕಸುಬಿನ ಜಾಣ್ಮೆ. ಕಂಬಕ್ಕೆ ಒರಗಿದ್ದ ಮುದುಕಿಯೊಬ್ಬಳು ನೆಟ್ಟಗಾದಳು.

“ಅವ್ಳ ಕಟ್ಟಾಕ್ಬುಟ್ಟು ನೀ ಟೀ ಕುಡುದಿಯಪ್ಪ? ಮೊದ್ಲು ಬುಡ್ಸು.”

ನಕ್ಕವರು ಕೆಲವರು. ಗಾಯಕರು ನಗಲಿಲ್ಲ. “ಆಯ್ತು ಕಣವ್ವ” ಎಂದು ಲೋಟವನ್ನು ಹಾಗೆಯೇ ನೆಲಕ್ಕಿಟ್ಟು ತಾಳ ಎತ್ತಿಕೊಂಡರು. ಬೇರೆ ಮೇಳಗಳಲ್ಲಿ ಒಂದು ಗಂಟೆಯ ಮೇಲೆ ಹಿಡಿಯುವುದನ್ನು ನಾನು ಕೇಳಿದ್ದ ಸಂಕಮ್ಮನ ಗೋಳನ್ನು ಅವರು ಆ ಇರುಳು ಕಾಲು ಗಂಟೆಗೆ ಇಳಿಸಿ, ಮಾದಪ್ಪನನ್ನು ಹುಲಿಯ ಮೇಲೆ ಬೇಗನೆ ಕರೆತಂದು, ಒಂದೊಂದು ಕಟ್ಟನ್ನೂ ಹೆಸರು ಹೇಳಿ ಬಿಚ್ಚಿಸಿದರು. ಮುದುಕಿ ಮತ್ತೆ ಕಂಬಕ್ಕೆ ಒರಗಿದಳು. ಮನೆಯ ಸೊಸೆ ಎದ್ದು, ಆರಿದ ಟೀಯನ್ನು ಚೆಲ್ಲಿ, ಬೇರೆ ಕಾಯಿಸಲು ಒಳಗೆ ಹೋದಳು.