ಶಾಲೆಯ ಮರಗಳು, ಮಕ್ಕಳ ಗಮನ

1904ರಲ್ಲಿ ಬರ್ಲಿನ್ ಪಕ್ಕದ ಷಾರ್ಲೊಟೆನ್‌ಬರ್ಗ್‌ನಲ್ಲಿ ಅಶಕ್ತ ಮಕ್ಕಳಿಗೆಂದು ಪೈನ್ ಕಾಡಿನ ನಡುವೆ ಬಯಲು ಶಾಲೆಯೊಂದು ತೆರೆಯಿತು. ಅದು ಕ್ಷಯದ ಭಯದ ಕಾಲ. ಮಕ್ಕಳ ಮೈ ಚೇತರಿಸಲಿ ಎಂಬುದೇ ಉದ್ದೇಶ. ಹಸಿರಿನ ನಡುವೆ ಅವರ ಗಮನವೂ ಚೇತರಿಸುತ್ತದೆಯೇ ಎಂದು ಅಳೆದು ನೋಡಲು ಇನ್ನೂ ಸುಮಾರು ನೂರು ವರ್ಷ ಬೇಕಾಯಿತು.

ಅದಕ್ಕೆ ತಾತ್ವಿಕ ತಳಹದಿ ಹಾಕಿದವರು ಮಿಷಿಗನ್ ವಿಶ್ವವಿದ್ಯಾಲಯದ ರೇಚಲ್ ಮತ್ತು ಸ್ಟೀಫನ್ ಕಪ್ಲಾನ್ ದಂಪತಿ. ಪ್ರಯತ್ನಪಟ್ಟು ಕೊಡುವ ಗಮನ ಬೇರೆ, ತಾನಾಗಿ ಹರಿಯುವ ಗಮನ ಬೇರೆ ಎಂದು ವಿಲಿಯಂ ಜೇಮ್ಸ್ 1890ರಲ್ಲೇ ಬರೆದಿದ್ದರು. ಮೊದಲನೆಯದು ದಣಿಯುತ್ತದೆ, ಎಲೆಯ ಅಲುಗಾಟ, ಮೋಡದ ಓಟ ಮನಸ್ಸನ್ನು ಮೆಲ್ಲಗೆ ಸೆಳೆದಾಗ ಅದಕ್ಕೆ ವಿಶ್ರಾಂತಿ ಸಿಗುತ್ತದೆ ಎಂದು ಕಪ್ಲಾನ್ ದಂಪತಿ 1989ರ ತಮ್ಮ ಪುಸ್ತಕದಲ್ಲಿ ವಾದಿಸಿದರು. ಸಾಲಾಗಿ ಮೂರು ಪೀರಿಯಡ್ ಮುಗಿಸಿದ ಮಗುವಿನ ಮುಖ ಕಂಡವರಿಗೆ ಆ ದಣಿವನ್ನು ವಿವರಿಸಬೇಕಿಲ್ಲ.

ಮಕ್ಕಳ ಕುರಿತ ಮುಖ್ಯ ಕೆಲಸ ನಡೆದದ್ದು ಇಲಿನಾಯ್ ವಿಶ್ವವಿದ್ಯಾಲಯದಲ್ಲಿ. ಆಂಡ್ರಿಯಾ ಫೇಬರ್ ಟೇಲರ್, ಫ್ರಾನ್ಸಿಸ್ ಕುವೊ, ವಿಲಿಯಂ ಸಲಿವನ್ 2002ರಲ್ಲಿ ಷಿಕಾಗೊದ ಬಡವರ ಬಹುಮಹಡಿ ವಸತಿಯ 169 ಮಕ್ಕಳ ಅಧ್ಯಯನ ಪ್ರಕಟಿಸಿದರು. ಕಿಟಕಿಯಾಚೆ ಹಸಿರು ಹೆಚ್ಚಿದ್ದ ಮನೆಗಳ ಹುಡುಗಿಯರಲ್ಲಿ ಏಕಾಗ್ರತೆ, ಸಂಯಮ ಎರಡೂ ಹೆಚ್ಚು ಕಂಡವು. ಹುಡುಗರಲ್ಲಿ ಈ ಸಂಬಂಧ ಕಾಣಲಿಲ್ಲ. 2009ರಲ್ಲಿ ಫೇಬರ್ ಟೇಲರ್ ಮತ್ತು ಕುವೊ, ಗಮನ ನಿಲ್ಲದ ತೊಂದರೆಯಾದ ಎಡಿಎಚ್‌ಡಿ ಇರುವ 17 ಮಕ್ಕಳನ್ನು ಉದ್ಯಾನ, ಪೇಟೆ, ವಸತಿ ಬಡಾವಣೆ ಹೀಗೆ ಮೂರು ಕಡೆ ಇಪ್ಪತ್ತು ನಿಮಿಷ ನಡೆಸಿದರು. ಅಂಕಿಗಳನ್ನು ತಿರುಗಾಮುರುಗಾ ಹೇಳುವ ಪರೀಕ್ಷೆಯಲ್ಲಿ ಉದ್ಯಾನದ ನಡಿಗೆಯ ನಂತರವೇ ಮಕ್ಕಳು ಮುಂದಿದ್ದರು. ಹದಿನೇಳು ಸಣ್ಣ ಸಂಖ್ಯೆ. ಇದನ್ನು ಔಷಧಕ್ಕೆ ಬದಲಿ ಎಂದು ಯಾವ ಪೋಷಕರೂ ಭಾವಿಸಬಾರದು.

ದೊಡ್ಡ ಪುರಾವೆ ಬಂದದ್ದು ಬಾರ್ಸಿಲೋನಾದಿಂದ. ಪಾಯಂ ದದ್ವಂದ್ ಮತ್ತು ಸಂಗಡಿಗರು 36 ಶಾಲೆಗಳ 2,593 ಮಕ್ಕಳನ್ನು ಒಂದು ವರ್ಷ ಗಮನಿಸಿ 2015ರಲ್ಲಿ ವರದಿ ಮಾಡಿದರು. ಶಾಲೆಯ ಆವರಣದಲ್ಲಿ, ಸುತ್ತಮುತ್ತ ಹಸಿರು ಹೆಚ್ಚಿದ್ದ ಕಡೆ ಮಕ್ಕಳ ನೆನಪಿನ ಸಾಮರ್ಥ್ಯ ಹೆಚ್ಚು ಬೆಳೆದಿತ್ತು, ಅನ್ಯಮನಸ್ಕತೆ ಹೆಚ್ಚು ಇಳಿದಿತ್ತು. ಆದರೆ ಈ ಲಾಭದ ಗಣನೀಯ ಪಾಲಿಗೆ ಕಾರಣ ವಾಹನದ ಹೊಗೆ ಕಡಿಮೆಯಿದ್ದದ್ದು ಎಂದೂ ಲೆಕ್ಕ ಹೇಳಿತು. ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರದ ಅತಿ ಮಹತ್ವದ ಫಲಿತಾಂಶ ಇದೇ: ಮರ ಕಣ್ಣಿಗಷ್ಟೇ ಅಲ್ಲ, ಉಸಿರಿಗೂ ಕೆಲಸ ಮಾಡುತ್ತಿದೆ.

ಹಸಿರು ಕಂಡರೆ ಸಾಕು ಎನ್ನುವಂತೆಯೂ ಇಲ್ಲ. 2016ರಲ್ಲಿ ಡಾಂಗ್‌ಯಿಂಗ್ ಲಿ ಮತ್ತು ಸಲಿವನ್ ಪ್ರೌಢಶಾಲೆಯ ಮಕ್ಕಳಲ್ಲಿ ನಡೆಸಿದ ಪ್ರಯೋಗದಲ್ಲಿ, ಹಸಿರಿಗೆ ತೆರೆದ ಕಿಟಕಿಯ ಪ್ರಯೋಜನ ಪಾಠದ ನಡುವೆ ಕಾಣಲಿಲ್ಲ. ಸ್ವಲ್ಪ ವಿರಾಮ ಕೊಟ್ಟ ಮೇಲೆ ಕಂಡಿತು. ಹೊರಗೆ ಪಾಠ ಮಾಡಿದರೆ ಮಕ್ಕಳು ಕೈತಪ್ಪುತ್ತಾರೆ ಎಂಬ ಶಿಕ್ಷಕರ ಆತಂಕಕ್ಕೂ 2018ರಲ್ಲಿ ಉತ್ತರ ಬಂತು. ಹುಲ್ಲಿನ ಮೇಲೆ ಕೂತು ಪಾಠ ಕೇಳಿದ ಮಕ್ಕಳನ್ನು ಮುಂದಿನ ತರಗತಿಯಲ್ಲಿ 'ಇತ್ತ ನೋಡು' ಎಂದು ಎಚ್ಚರಿಸಬೇಕಾದ ಸಂದರ್ಭಗಳು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದ್ದನ್ನು ಕುವೊ ತಂಡ ದಾಖಲಿಸಿತು.

ಈ ಅಧ್ಯಯನಗಳಲ್ಲಿ ಹೆಚ್ಚಿನವು ಅಮೆರಿಕ, ಯುರೋಪಿನ ತಂಪು ಹವೆಯವು. ಆದರೂ ಹೊಸ ಕೊಠಡಿಗೆಂದು ಶಾಲೆಯ ಹೊಂಗೆಮರ ಕಡಿಯುವ ಪ್ರಸ್ತಾಪ ಬಂದಾಗ, ವಿರಾಮದ ಅವಧಿಯನ್ನು ಟೆಸ್ಟ್‌ಗೆ ಕಿತ್ತುಕೊಳ್ಳುವ ಮಾತು ಬಂದಾಗ, ಪೋಷಕರು ಸಭೆಯಲ್ಲಿ ಎದ್ದು ಪ್ರಶ್ನಿಸಲಿ.