ಕ್ಲೌಡ್ ರೀಜನ್‌ಗಳಿಂದ ಅಂತರ್ಜಾಲದ ನಾಡಿ ಹಿಡಿಯುವುದು

ಕ್ಲೌಡ್ ಸೇವೆ ಒದಗಿಸುವ ಕಂಪನಿಗಳು ಜಗತ್ತಿನ ಹಲವು ಊರುಗಳಲ್ಲಿ ದತ್ತಾಂಶ ಕೇಂದ್ರಗಳ ಗುಂಪುಗಳನ್ನು ಕಟ್ಟಿಕೊಂಡಿವೆ. ಇಂಥ ಒಂದೊಂದು ಗುಂಪಿಗೂ ರೀಜನ್ ಎಂದು ಹೆಸರು. ರೀಜನ್‌ನ ಸರ್ವರಿನಿಂದ ಹೊರಟ ದತ್ತಾಂಶದ ತುಣುಕು, ಅಂದರೆ ಪ್ಯಾಕೆಟ್, ಬಳಕೆದಾರರನ್ನು ಮುಟ್ಟಿ ಮರಳಲು ಎಷ್ಟು ಹೊತ್ತು ಹಿಡಿಯಿತು? ಆ ಹೊತ್ತು ಪ್ರತಿ ಸಲವೂ ಒಂದೇ ಇತ್ತೆ? ಕಳಿಸಿದ ಪ್ಯಾಕೆಟ್‌ಗಳಲ್ಲಿ ಎಷ್ಟು ದಾರಿಯಲ್ಲೇ ಕಳೆದುಹೋದವು? ಈ ಮೂರು ಪ್ರಶ್ನೆಗಳಿಗೆ ಹಗಲಿರುಳು ಉತ್ತರ ದಾಖಲಿಸುತ್ತ ಹೋಗುವುದೇ ನೆಟ್‌ವರ್ಕ್ ಗುಣಮಟ್ಟದ ಮೇಲ್ವಿಚಾರಣೆ. ಮೊದಲನೆಯದನ್ನು ಲೇಟೆನ್ಸಿ, ಎರಡನೆಯದನ್ನು ಜಿಟರ್, ಮೂರನೆಯದನ್ನು ಪ್ಯಾಕೆಟ್ ನಷ್ಟ ಎನ್ನುತ್ತಾರೆ. ಬ್ರಾಡ್‌ಬ್ಯಾಂಡ್ ಜಾಹೀರಾತಿನ ಎಂಬಿಪಿಎಸ್ ಸಂಖ್ಯೆ ಈ ಮೂರರಲ್ಲಿ ಒಂದನ್ನೂ ಹೇಳುವುದಿಲ್ಲ.

ಆದರೆ ಬಳಕೆದಾರರಿಗೆ ಮೊದಲು ತಟ್ಟುವುದು ಈ ಮೂರೇ. ಧ್ವನಿ ಸಂಭಾಷಣೆ ಸಹಜವಾಗಿ ಕೇಳಬೇಕಾದರೆ ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡ್ ಮೀರಬಾರದು ಎಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸು. ಗೂಗಲ್ 2009ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಹುಡುಕಾಟದ ಫಲಿತಾಂಶವನ್ನು ಬೇಕೆಂದೇ 100ರಿಂದ 400 ಮಿಲಿಸೆಕೆಂಡ್ ತಡಮಾಡಿ ಕೊಟ್ಟಾಗ ಜನ ಮಾಡುವ ಹುಡುಕಾಟಗಳೇ ಶೇ. 0.2ರಿಂದ 0.6ರಷ್ಟು ಕುಗ್ಗಿದವು. ಕಣ್ಣೆವೆ ಮುಚ್ಚಿ ತೆರೆಯುವಷ್ಟರ ತಡವನ್ನೂ ಮನಸ್ಸು ಲೆಕ್ಕ ಇಟ್ಟುಕೊಳ್ಳುತ್ತದೆ ಎಂದಾಯಿತು. ಕಡತ ಇಳಿಸಿಕೊಳ್ಳುವ ವೇಗಕ್ಕೂ ಇದೇ ನಂಟು. 1997ರಲ್ಲಿ ಸಂಶೋಧಕ ಮ್ಯಾಥಿಸ್ ಮತ್ತು ಸಂಗಡಿಗರು ತೋರಿಸಿಕೊಟ್ಟ ಸೂತ್ರದ ಪ್ರಕಾರ, ಹಳೆಯ ಮಾದರಿಯ ಟಿಸಿಪಿ (ಅಂತರ್ಜಾಲದಲ್ಲಿ ದತ್ತಾಂಶ ಸಾಗಿಸುವ ನಿಯಮಾವಳಿ) ಸಂಪರ್ಕದಲ್ಲಿ ಹೋಗಿಬರುವ ಸಮಯ ಇಮ್ಮಡಿಯಾದರೆ ವೇಗ ಅರ್ಧವಾಗುತ್ತದೆ. ಪ್ಯಾಕೆಟ್ ನಷ್ಟ ನಾಲ್ಕು ಪಟ್ಟಾದರೂ ಅಷ್ಟೇ ಇಳಿಯುತ್ತದೆ.

ವಿಳಂಬಕ್ಕೆ ಒಂದು ಕೆಳಮಿತಿಯಿದೆ. ಅದನ್ನು ಭೌತಶಾಸ್ತ್ರವೇ ಗೊತ್ತುಮಾಡಿದೆ. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾಗುತ್ತದೆ. ಹೋಗಿಬರುವ ಲೆಕ್ಕದಲ್ಲಿ ಪ್ರತಿ 100 ಕಿ.ಮೀ. ಅಂತರಕ್ಕೆ ಒಂದು ಮಿಲಿಸೆಕೆಂಡ್ ಬೇಕೇ ಬೇಕು. ಬೆಂಗಳೂರಿನಿಂದ ಮುಂಬೈಗೆ ನೇರ ಅಂತರ ಸುಮಾರು 840 ಕಿ.ಮೀ. ಎಂದಮೇಲೆ ಎಂಟು ಮಿಲಿಸೆಕೆಂಡ್‌ಗಿಂತ ಬೇಗ ಉತ್ತರ ಬರಲು ಸಾಧ್ಯವಿಲ್ಲ. ಸಿಂಗಪುರಕ್ಕೂ ಮುಂಬೈಗೂ ನಡುವೆ ಸುಮಾರು 3,900 ಕಿ.ಮೀ.; ಅಲ್ಲಿ ಕನಿಷ್ಠ 39. ಕೇಬಲ್‌ಗಳು ನೇರ ಗೆರೆಯಲ್ಲಿ ಹೋಗುವುದಿಲ್ಲ, ನಡುವೆ ರೌಟರ್‌ಗಳಿವೆ, ರೌಟರ್‌ಗಳಲ್ಲಿ ಸರದಿಯಿದೆ. ಹಾಗಾಗಿ ವಾಸ್ತವದ ಅಂಕಿ ಯಾವಾಗಲೂ ಇದಕ್ಕಿಂತ ಹೆಚ್ಚು. ಈ ಕೆಳಮಿತಿಗೂ ಅಳೆದು ಸಿಕ್ಕ ಅಂಕಿಗೂ ನಡುವಿನ ಅಂತರವೇ ನೆಟ್‌ವರ್ಕ್ ಎಂಜಿನಿಯರರ ಕೆಲಸದ ಮೈದಾನ.

ಅಮೆಜಾನ್ ತನ್ನ ಮುಂಬೈ ರೀಜನ್ ತೆರೆದದ್ದು 2016ರ ಜೂನ್‌ನಲ್ಲಿ. ಅದಕ್ಕೂ ಮುಂಚೆ ಆ ಕಂಪನಿಯ ಸೇವೆ ಬಳಸುತ್ತಿದ್ದ ಭಾರತೀಯರಿಗೆ ಹತ್ತಿರದ ನೆಲೆ ಸಿಂಗಪುರವೇ ಆಗಿತ್ತು. ಮೈಕ್ರೋಸಾಫ್ಟ್ 2015ರಲ್ಲಿ ಪುಣೆ, ಚೆನ್ನೈ, ಮುಂಬೈಗಳಲ್ಲಿ ನೆಲೆಯೂರಿತು. ಗೂಗಲ್ 2017ರಲ್ಲಿ ಮುಂಬೈಗೂ 2021ರಲ್ಲಿ ದೆಹಲಿಗೂ ಬಂತು. 2022ರ ನವೆಂಬರ್‌ನಲ್ಲಿ ಅಮೆಜಾನ್‌ನ ಹೈದರಾಬಾದ್ ರೀಜನ್ ಶುರುವಾಯಿತು. ಈ ಪಟ್ಟಿಯಲ್ಲಿ ಬೆಂಗಳೂರಿನ ಹೆಸರಿಲ್ಲ. ಭಾರತಕ್ಕೆ ಬರುವ ಅಂತರರಾಷ್ಟ್ರೀಯ ಸಾಗರತಳದ ಕೇಬಲ್‌ಗಳು ದಡ ಸೇರುವುದು ಮುಖ್ಯವಾಗಿ ಮುಂಬೈ ಮತ್ತು ಚೆನ್ನೈಗಳಲ್ಲಿ, ಒಂದಿಷ್ಟು ಕೊಚ್ಚಿ, ತಿರುವನಂತಪುರ, ತೂತ್ತುಕುಡಿಗಳಲ್ಲಿ. ಸಾಫ್ಟ್‌ವೇರ್ ಬರೆಯುವ ಊರೊಂದು, ಅದು ಓಡುವ ಊರು ಇನ್ನೊಂದು. ಕರ್ನಾಟಕದ ಬಳಕೆದಾರರ ಅನುಭವವನ್ನು ಅಳೆಯುವವರು ಇದನ್ನು ಮರೆಯುವಂತಿಲ್ಲ.

ಅಳತೆಯ ಸಲಕರಣೆಗಳು ಕ್ಲೌಡ್‌ಗಿಂತ ಬಹಳ ಹಿರಿಯವು. 1983ರ ಡಿಸೆಂಬರ್‌ನಲ್ಲಿ ಅಮೆರಿಕ ಸೇನೆಯ ಬ್ಯಾಲಿಸ್ಟಿಕ್ ಸಂಶೋಧನಾ ಪ್ರಯೋಗಾಲಯದಲ್ಲಿದ್ದ ಮೈಕ್ ಮ್ಯೂಸ್, ಪ್ಯಾಕೆಟ್ ಹೋಗಿ ಮರಳುವ ಹೊತ್ತನ್ನು ಅಳೆಯುವ ಪಿಂಗ್ ಎಂಬ ತಂತ್ರಾಂಶ ಬರೆದರು. ಜಲಾಂತರ್ಗಾಮಿಗಳ ಸೋನಾರ್ ಸದ್ದಿನಿಂದ ಬಂದ ಹೆಸರದು. ಕೆಲವೇ ವರ್ಷಗಳಲ್ಲಿ ವ್ಯಾನ್ ಜೇಕಬ್ಸನ್ ಟ್ರೇಸ್‌ರೂಟ್ ರೂಪಿಸಿದರು. ಪ್ರತಿ ಪ್ಯಾಕೆಟ್‌ಗೂ ಇಂತಿಷ್ಟೇ ರೌಟರ್ ದಾಟಬಹುದು ಎಂಬ ಆಯಸ್ಸಿರುತ್ತದೆ. ಆ ಆಯಸ್ಸನ್ನು ಒಂದು, ಎರಡು, ಮೂರು ಎಂದು ಏರಿಸುತ್ತ ಕಳಿಸಿದರೆ, ಆಯಸ್ಸು ತೀರಿದಲ್ಲೆಲ್ಲ ರೌಟರ್ ಒಂದು ಸೂಚನೆ ವಾಪಸು ಕಳಿಸುತ್ತದೆ. ಹೀಗೆ ದಾರಿಯ ನಕ್ಷೆ ಒಂದೊಂದೇ ಹೆಜ್ಜೆಯಾಗಿ ತೆರೆದುಕೊಳ್ಳುತ್ತದೆ. 1995ರಲ್ಲಿ ಅಮೆರಿಕದ ಸ್ಲ್ಯಾಕ್ ಪ್ರಯೋಗಾಲಯದ ಭೌತವಿಜ್ಞಾನಿಗಳು ಪಿಂಗರ್ ಯೋಜನೆ ಶುರುಮಾಡಿ, ಪ್ರಪಂಚದ ಸಂಶೋಧನಾ ಸಂಸ್ಥೆಗಳ ನಡುವಿನ ಸಂಪರ್ಕವನ್ನು ಅರ್ಧ ಗಂಟೆಗೊಮ್ಮೆ ಅಳೆಯತೊಡಗಿದರು. ಸ್ವಿಟ್ಜರ್ಲೆಂಡಿನ ಟೋಬಿಯಾಸ್ ಓಟಿಕರ್ ಬರೆದ ಸ್ಮೋಕ್‌ಪಿಂಗ್ ಇಂದಿಗೂ ಬಳಕೆಯಲ್ಲಿದೆ. ಐದು ನಿಮಿಷಕ್ಕೊಮ್ಮೆ 20 ಪಿಂಗ್ ಕಳಿಸಿ ನಡುವಿನ ಬೆಲೆಯನ್ನು ಗೆರೆಯಾಗಿಯೂ ಉಳಿದವುಗಳ ಚೆದುರುವಿಕೆಯನ್ನು ಬೂದು ಹೊಗೆಯಾಗಿಯೂ ಅದು ಚಿತ್ರಿಸುತ್ತದೆ. ಹೊಗೆ ದಟ್ಟವಾದರೆ ಜಿಟರ್ ಹೆಚ್ಚಿದೆ ಎಂದರ್ಥ.

ಈ ಗ್ರಾಫ್‌ಗಳನ್ನು ಓದುವುದೇ ಒಂದು ವಿದ್ಯೆ. ವಿಳಂಬ ದಿನವೂ ಸಂಜೆ ಮೆಲ್ಲಗೆ ಏರಿ ನಡುರಾತ್ರಿ ಇಳಿದರೆ ಎಲ್ಲೋ ಒಂದು ಕೊಂಡಿ ತುಂಬಿ ತುಳುಕುತ್ತಿದೆ. ಗೆರೆ ತಟ್ಟನೆ ಮೆಟ್ಟಿಲಿನಂತೆ ಮೇಲೆ ನೆಗೆದು ಅಲ್ಲೇ ಸಮತಟ್ಟಾಗಿ ನಿಂತರೆ ದಟ್ಟಣೆ ಅದಕ್ಕೆ ಕಾರಣವಲ್ಲ. ಪ್ಯಾಕೆಟ್‌ಗಳು ಬೇರೆ ದಾರಿ ಹಿಡಿದಿವೆ. 2025ರ ಸೆಪ್ಟೆಂಬರ್ 6ರಂದು ಕೆಂಪು ಸಮುದ್ರದಲ್ಲಿ ಜೆಡ್ಡಾ ಬಳಿ ಎಸ್‌ಎಂಡಬ್ಲ್ಯೂ4 ಮತ್ತು ಐಎಂಇಡಬ್ಲ್ಯೂಇ ಕೇಬಲ್‌ಗಳು ಕೆಟ್ಟವು. ಭಾರತ, ಪಾಕಿಸ್ತಾನಗಳಲ್ಲೂ ಸಂಪರ್ಕ ನಿಧಾನವಾಯಿತು. ಮಧ್ಯಪ್ರಾಚ್ಯದ ಮೂಲಕ ಹಾಯುವ ದಟ್ಟಣೆಗೆ ವಿಳಂಬ ಹೆಚ್ಚಬಹುದೆಂದು ಮೈಕ್ರೋಸಾಫ್ಟ್ ತನ್ನ ಅಜ್ಯೂರ್ ಗ್ರಾಹಕರಿಗೆ ತಿಳಿಸಿ, ಬದಲಿ ದಾರಿಗಳಲ್ಲಿ ಕಳಿಸತೊಡಗಿತು. ಇಂಥ ಹೊತ್ತಿನಲ್ಲಿ ಒಂದೇ ಗುರಿಯನ್ನು ಅಳೆಯುತ್ತಿದ್ದವರಿಗೆ ಏನೋ ಕೆಟ್ಟಿದೆ ಎಂದಷ್ಟೇ ತಿಳಿಯುತ್ತದೆ. ಮುಂಬೈನಿಂದ ಫ್ರಾಂಕ್‌ಫರ್ಟ್‌ಗೂ ಸಿಂಗಪುರಕ್ಕೂ ಏಕಕಾಲಕ್ಕೆ ಅಳೆಯುವವರು ಮಾತ್ರ, ಪೂರ್ವದ ಗೆರೆ ಕದಲದೆ ಪಶ್ಚಿಮದ ಗೆರೆ ನೆಗೆದದ್ದನ್ನು ಕಂಡು, ಕೆಟ್ಟಿರುವುದು ಯಾವ ದಿಕ್ಕಿನಲ್ಲಿ ಎಂದು ಹೇಳಬಲ್ಲರು. 2008ರ ಜನವರಿ 30ರಂದು ಅಲೆಕ್ಸಾಂಡ್ರಿಯಾ ಬಳಿ ಎರಡು ಕೇಬಲ್ ಕಡಿದು ಭಾರತದ ಸಂಪರ್ಕ ಕುಸಿದಾಗಲೂ ಪೆಟ್ಟು ಬಿದ್ದದ್ದು ಇದೇ ಪಶ್ಚಿಮದ ಮಾರ್ಗಕ್ಕೆ.

ಕ್ಲೌಡ್‌ನಿಂದ ಅಳೆಯುವುದರಲ್ಲಿ ಕೆಲವು ಮೋಸಗಳಿವೆ. ಒಂದು ರೀಜನ್‌ನಿಂದ ಅದೇ ಕಂಪನಿಯ ಮತ್ತೊಂದು ರೀಜನ್‌ಗೆ ಪಿಂಗ್ ಮಾಡಿದರೆ ಪ್ಯಾಕೆಟ್ ಸಾಮಾನ್ಯವಾಗಿ ಆ ಕಂಪನಿಯ ಸ್ವಂತ ಬೆನ್ನೆಲುಬಿನಂಥ ಜಾಲದಲ್ಲಿ ಸಾಗುತ್ತದೆ. ಸಿಗುವ ಅಂಕಿ ಸುಂದರವಾಗಿರುತ್ತದೆ, ಆದರೆ ಬೀದರಿನ ಮೊಬೈಲ್ ಬಳಕೆದಾರರ ಪಾಡು ಅದರಲ್ಲಿ ಕಾಣುವುದಿಲ್ಲ. ಹೋಗುವ ದಾರಿ ಒಂದು, ಬರುವ ದಾರಿ ಇನ್ನೊಂದು ಆಗಿರುವುದು ಅಂತರ್ಜಾಲದಲ್ಲಿ ಮಾಮೂಲು. ದಿಕ್ಕುಗಳನ್ನು ಬೇರ್ಪಡಿಸಿ ಅಳೆಯಬೇಕಾದರೆ ಎರಡೂ ತುದಿಯ ಗಡಿಯಾರಗಳು ಕರಾರುವಾಕ್ಕಾಗಿ ಹೊಂದಬೇಕು. ಟ್ರೇಸ್‌ರೂಟಿನ ನಡುವಿನ ರೌಟರೊಂದು ತಡವಾಗಿ ಉತ್ತರಿಸಿತೆಂದು ಅದನ್ನೇ ದೂರುವುದು ಹೊಸಬರ ತಪ್ಪು. ಟ್ರೇಸ್‌ರೂಟಿಗಾಗಲಿ ಪಿಂಗ್‌ಗಾಗಲಿ ಉತ್ತರ ಕೊಡುವುದು ರೌಟರಿಗೆ ಕೊನೆಯ ಆದ್ಯತೆಯ ಕೆಲಸ, ಹಾಯುವ ಪ್ಯಾಕೆಟ್‌ಗಳನ್ನು ಅದು ಸಲೀಸಾಗಿಯೇ ಸಾಗಿಸುತ್ತಿರಬಹುದು. ಆ ವಿಳಂಬ ಮುಂದಿನ ಹೆಜ್ಜೆಗಳಲ್ಲೂ ಉಳಿದುಬಂದರೆ ಮಾತ್ರ ಲೆಕ್ಕಕ್ಕೆ. ಅಗ್ಗದ ವರ್ಚುವಲ್ ಯಂತ್ರದಲ್ಲಿ ಅಳೆಯುವಾಗ ಪಕ್ಕದ ಬಾಡಿಗೆದಾರರ ಭಾರದಿಂದ ಅಳತೆಯೇ ಅಲುಗಾಡಬಹುದು. ಪಿಂಗ್‌ನ ಉತ್ತರಕ್ಕೆ ಕೊನೆಯ ಆದ್ಯತೆ ಸಿಗುವುದರಿಂದಲೇ ಅದರ ಜತೆಗೆ ಟಿಸಿಪಿ ಮತ್ತು ಎಚ್‌ಟಿಟಿಪಿಎಸ್ ಅಳತೆಯನ್ನೂ ಇಡುತ್ತಾರೆ.

ಅಂಕಿಗಳ ಸರಾಸರಿಯನ್ನು ನಂಬಲೇಬಾರದು. ನೂರು ಕೋರಿಕೆಗಳಲ್ಲಿ 99ಕ್ಕೆ 20 ಮಿಲಿಸೆಕೆಂಡ್, ಒಂದಕ್ಕೆ ಎರಡು ಸೆಕೆಂಡ್ ಹಿಡಿದರೆ ಸರಾಸರಿ 40ರೊಳಗೇ ನಿಲ್ಲುತ್ತದೆ. ಪುಟವೊಂದು ತೆರೆಯಲು ಹತ್ತಾರು ಕೋರಿಕೆ ಬೇಕಾದಾಗ ಆ ಒಂದು ಕೋರಿಕೆ ಎಷ್ಟೋ ಜನರನ್ನು ಕಾಯಿಸುತ್ತದೆ. ಗೂಗಲ್‌ನ ಜೆಫ್ ಡೀನ್ ಮತ್ತು ಲೂಯಿಜ್ ಬರೋಸೊ 2013ರ ಲೇಖನದಲ್ಲಿ ಅಪರೂಪದ ಇಂಥ ದೀರ್ಘ ವಿಳಂಬಗಳ, ಅಂದರೆ ವಿತರಣೆಯ ‘ಬಾಲದ’, ಸಮಸ್ಯೆಯನ್ನೇ ವಿವರಿಸಿದರು. 95 ಮತ್ತು 99ನೇ ಪರ್ಸೆಂಟೈಲ್‌ಗಳನ್ನು (ನೂರರಲ್ಲಿ 95 ಅಥವಾ 99 ಕೋರಿಕೆಗಳು ಎಷ್ಟು ಹೊತ್ತಿನೊಳಗೆ ಮುಗಿದವು ಎಂಬ ಬೆಲೆಗಳನ್ನು) ತೋರಿಸದ ಮೇಲ್ವಿಚಾರಣಾ ಫಲಕ ಅರ್ಧ ಕುರುಡು.

ಭಾರತದಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2006ರಲ್ಲೇ ಬ್ರಾಡ್‌ಬ್ಯಾಂಡ್‌ಗೆ ಮಾನದಂಡ ಹಾಕಿತ್ತು: ದೇಶದೊಳಗಿನ ಗೇಟ್‌ವೇವರೆಗೆ 120 ಮಿಲಿಸೆಕೆಂಡ್, ಭೂಮಾರ್ಗವಾಗಿ ವಿದೇಶದ ಹತ್ತಿರದ ಕೂಡುಬಿಂದುವಿಗೆ 350, ಪ್ಯಾಕೆಟ್ ನಷ್ಟ ಶೇ. 1ರೊಳಗೆ. ದೇಶದೊಳಗಿನ ದಟ್ಟಣೆ ಹೊರದೇಶ ಸುತ್ತಿ ಬರುವುದನ್ನು ತಪ್ಪಿಸಲೆಂದೇ 2003ರಲ್ಲಿ ನಿಕ್ಸಿ ಎಂಬ ರಾಷ್ಟ್ರೀಯ ಅಂತರ್ಜಾಲ ವಿನಿಮಯ ಸಂಸ್ಥೆ ಹುಟ್ಟಿತು.

ಸ್ವತಂತ್ರ ಅಳತೆಗೆ ಇಂದು ಇರುವ ದೊಡ್ಡ ಆಸರೆ ಆಮ್‌ಸ್ಟರ್‌ಡ್ಯಾಮಿನ ರೈಪ್ ಎನ್‌ಸಿಸಿ ಎಂಬ ಅಂತರ್ಜಾಲ ನೋಂದಣಿ ಸಂಸ್ಥೆ 2010ರಲ್ಲಿ ಆರಂಭಿಸಿದ ರೈಪ್ ಅಟ್ಲಾಸ್. ಸ್ವಯಂಸೇವಕರ ಮನೆ, ಕಚೇರಿಗಳಲ್ಲಿ ಕೂತ 10 ಸಾವಿರಕ್ಕೂ ಹೆಚ್ಚು ಅಳತೆಯ ಸಾಧನಗಳು, ಅಂದರೆ ಪ್ರೋಬ್‌ಗಳು, ಬಳಕೆದಾರರ ತುದಿಯಿಂದ ಜಾಲವನ್ನು ಅಳೆಯುತ್ತವೆ. ಪ್ರೋಬ್ ಇಟ್ಟುಕೊಂಡವರಿಗೆ ತಮ್ಮದೇ ಅಳತೆ ನಡೆಸಲು ಅಂಕಗಳು ಸಿಗುತ್ತವೆ. ಆದರೆ ಈ ಪ್ರೋಬ್‌ಗಳು ದಟ್ಟವಾಗಿರುವುದು ಯುರೋಪಿನಲ್ಲಿ. 2020ರಿಂದ ಬರೀ ಸಾಫ್ಟ್‌ವೇರ್ ರೂಪದ ಪ್ರೋಬ್ ಕೂಡ ಉಚಿತವಾಗಿ ದೊರೆಯುತ್ತಿದೆ, ಸದಾ ಚಾಲೂ ಇರುವ ಒಂದು ಸಣ್ಣ ಲಿನಕ್ಸ್ ಯಂತ್ರವಿದ್ದರೆ ಸಾಕು. ಕಲಬುರಗಿ, ಕಾರವಾರ, ಚಾಮರಾಜನಗರಗಳ ಕಾಲೇಜುಗಳಲ್ಲಿ ಕಂಪ್ಯೂಟರ್ ವಿಜ್ಞಾನ ಕಲಿಸುವವರು ಒಂದೊಂದು ಪ್ರೋಬ್ ಹಾಕಿಸಬೇಕು, ಅದರ ಅಂಕಿಗಳನ್ನು ಓದುವುದನ್ನು ವಿದ್ಯಾರ್ಥಿಗಳಿಗೆ ಕಲಿಸಬೇಕು.