ಹಸುಗೂಸಿನ ಮನಸ್ಸು: ಆರೈಕೆಯ ಕೈಗೂ ಬೇಕು ಆಸರೆ

ಮಾತು ಬಾರದ ಕೂಸಿಗೆ ಮಾನಸಿಕ ಆರೋಗ್ಯವೆಂಬುದು ಉಂಟೇ ಎಂಬ ಪ್ರಶ್ನೆ ಅನೇಕರಿಗೆ ವಿಚಿತ್ರವಾಗಿ ತೋರಬಹುದು. ಹಸಿವಾದರೆ ಅಳುವುದು, ಹೊಟ್ಟೆ ತುಂಬಿದರೆ ನಿದ್ರಿಸುವುದು, ಇಷ್ಟೇ ಶಿಶುವಿನ ಪ್ರಪಂಚವೆಂದು ವೈದ್ಯಲೋಕವೂ ಬಹುಕಾಲ ನಂಬಿತ್ತು. ಮಗುವಿನ ತೂಕ, ಎತ್ತರ, ಚುಚ್ಚುಮದ್ದುಗಳ ಲೆಕ್ಕವಿಡುವ ಪದ್ಧತಿ ಬಂದು ದಶಕಗಳೇ ಕಳೆದಿವೆ. ಅದು ಯಾರ ಮುಖವನ್ನು ಹುಡುಕುತ್ತದೆ, ಅತ್ತಾಗ ಯಾರ ಕೈಯಲ್ಲಿ ಸಮಾಧಾನ ಹೊಂದುತ್ತದೆ ಎಂದು ಕೇಳುವವರು ಈಗಲೂ ವಿರಳ.

ಹುಟ್ಟಿನಿಂದ ಸುಮಾರು 5 ವರ್ಷದವರೆಗೆ ಮಗು ತನ್ನ ಭಾವನೆಗಳನ್ನು ಹೊರಗೆಡಹಿ ಕ್ರಮೇಣ ಹತೋಟಿಗೆ ತಂದುಕೊಳ್ಳುವ, ಹತ್ತಿರದವರೊಡನೆ ನಂಬಿಕೆಯ ಸಂಬಂಧ ಬೆಳೆಸುವ, ಸುತ್ತಲಿನ ಜಗತ್ತನ್ನು ಅಂಜಿಕೆಯಿಲ್ಲದೆ ಅರಿಯುವ ಶಕ್ತಿಯನ್ನೇ ತಜ್ಞರು ಶಿಶು ಮಾನಸಿಕ ಆರೋಗ್ಯವೆಂದು ಕರೆಯುತ್ತಾರೆ. ಇವುಗಳಲ್ಲಿ ಯಾವುದನ್ನೂ ಮಗು ಒಂಟಿಯಾಗಿ ಗಳಿಸಲಾರದು. ಶಿಶುವನ್ನು ಅದರ ಆರೈಕೆ ಮಾಡುವವರಿಂದ ಬೇರ್ಪಡಿಸಿ ನೋಡುವುದೇ ಅಸಾಧ್ಯವೆಂದು ಬ್ರಿಟನ್ನಿನ ಶಿಶುತಜ್ಞ ಹಾಗೂ ಮನೋವಿಶ್ಲೇಷಕ ಡೊನಾಲ್ಡ್ ವಿನಿಕಾಟ್ ವಾದಿಸಿದ್ದರು. ಆದುದರಿಂದ ಕೂಸಿನ ಮನಸ್ಸಿನ ಚರ್ಚೆಯು ಎತ್ತಿ ಆಡಿಸುವ ಕೈಗಳ ಚರ್ಚೆಯೂ ಆಗುತ್ತದೆ.

ಶುಚಿಯಾದ ಕೋಣೆಯಲ್ಲಿ ಬಾಡಿದ ಮಕ್ಕಳು

ಈ ಅರಿವು ಸುಲಭವಾಗಿ ಬಂದುದಲ್ಲ. ಮನೋವೈದ್ಯ ರೆನೆ ಸ್ಪಿಟ್ಜ್ 1945ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಎರಡು ಸಂಸ್ಥೆಗಳ ಶಿಶುಗಳನ್ನು ಹೋಲಿಸಿದರು. ಒಂದು, ಮಹಿಳಾ ಬಂದೀಖಾನೆಗೆ ಸೇರಿದ ಶಿಶುಗೃಹ. ಅಲ್ಲಿ ಶಿಕ್ಷೆ ಅನುಭವಿಸುತ್ತಿದ್ದ ತಾಯಂದಿರೇ ತಮ್ಮ ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು. ಮತ್ತೊಂದು, ಅನಾಥ ಶಿಶುಗಳ ಆಶ್ರಯಧಾಮ. ಅಲ್ಲಿ ಆಹಾರ, ಔಷಧ, ಶುಚಿತ್ವ ಯಾವುದಕ್ಕೂ ಕೊರತೆಯಿರಲಿಲ್ಲ. ಆದರೆ ಸುಮಾರು 8 ಮಕ್ಕಳಿಗೆ ಒಬ್ಬಳೇ ದಾದಿ. ತೊಟ್ಟಿಲ ಕಂಬಿಗಳ ಮೇಲೆ ಬಟ್ಟೆ ಇಳಿಬಿಟ್ಟಿದ್ದುದರಿಂದ ಕೂಸುಗಳಿಗೆ ಕಾಣುತ್ತಿದ್ದುದು ಮೇಲಿನ ಚಾವಣಿ ಮಾತ್ರ. ಬಂದೀಖಾನೆಯ ಮಕ್ಕಳು ನಲಿಯುತ್ತ ಬೆಳೆದವು. ಆಶ್ರಯಧಾಮದ 91 ಮಕ್ಕಳ ಪೈಕಿ 34 ಮಕ್ಕಳು ಎರಡು ವರ್ಷಗಳೊಳಗೆ ಅಸುನೀಗಿದವು. ಅಲ್ಲಿ ದಡಾರವೂ ಹಬ್ಬಿತ್ತು, ಅಧ್ಯಯನದ ವಿಧಾನದಲ್ಲಿ ಲೋಪಗಳೂ ಇದ್ದವು ಎಂದು ಅನಂತರದ ವಿದ್ವಾಂಸರು ಟೀಕಿಸಿದ್ದಾರೆ. ಆ ಟೀಕೆ ನ್ಯಾಯವಾದುದೇ. ಆದರೂ ಬದುಕುಳಿದ ಮಕ್ಕಳು ನಡೆಯಲು, ನುಡಿಯಲು ಬಹಳ ಹಿಂದುಳಿದಿದ್ದುದಕ್ಕೆ ದಡಾರವೊಂದನ್ನೇ ಕಾರಣವಾಗಿ ಹೇಳಲಾಗದು.

ವಿಶ್ವ ಆರೋಗ್ಯ ಸಂಸ್ಥೆಗಾಗಿ ಜಾನ್ ಬೌಲ್ಬಿ 1951ರಲ್ಲಿ ಸಿದ್ಧಪಡಿಸಿದ ವರದಿಯು ಈ ಬಗೆಯ ಪುರಾವೆಗಳನ್ನು ಒಂದೆಡೆ ಕೂಡಿಸಿತು. ಮರುವರ್ಷ ಜೇಮ್ಸ್ ರಾಬರ್ಟ್‌ಸನ್ ಆಸ್ಪತ್ರೆಗೆ ಸೇರಿದ ಎರಡು ವರ್ಷದ ಹೆಣ್ಣುಮಗುವಿನ ಎಂಟು ದಿನಗಳನ್ನು ಚಲನಚಿತ್ರದಲ್ಲಿ ಸೆರೆಹಿಡಿದು ತೋರಿಸಿದರು. ಅಂದಿನ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ತಾಯ್ತಂದೆಯರ ಭೇಟಿಗೆ ಕಟ್ಟುನಿಟ್ಟಿನ ಮಿತಿಯಿತ್ತು. ಅಳುವುದನ್ನು ನಿಲ್ಲಿಸಿದ ಮಗುವನ್ನು ದಾದಿಯರು ‘ಹೊಂದಿಕೊಂಡಿತು’ ಎಂದು ಭಾವಿಸುತ್ತಿದ್ದರು. ರಾಬರ್ಟ್‌ಸನ್ ಅದನ್ನು ಆಸೆ ಬಿಟ್ಟ ಮೌನವೆಂದು ಗುರುತಿಸಿದರು. ಅಲ್ಲಿನ ಸರ್ಕಾರಿ ಸಮಿತಿಯೊಂದು ಭೇಟಿಯ ನಿರ್ಬಂಧವನ್ನು ಸಡಿಲಿಸಲು ಶಿಫಾರಸು ಮಾಡಿದ್ದು 1959ರಲ್ಲಿ.

ಹಾನಿಯಾದ ಮೇಲೆ ಸರಿಪಡಿಸಲು ಸಾಧ್ಯವೇ? ರುಮೇನಿಯಾದ ಬುಖಾರೆಸ್ಟ್ ನಗರದಲ್ಲಿ 2000ದಲ್ಲಿ ಆರಂಭವಾದ ಅಧ್ಯಯನ ಇದಕ್ಕೆ ಉತ್ತರ ನೀಡಿತು. ಅನಾಥಾಲಯಗಳಲ್ಲಿದ್ದ 136 ಪುಟ್ಟ ಮಕ್ಕಳ ಪೈಕಿ ಅರ್ಧದಷ್ಟು ಮಕ್ಕಳನ್ನು ಚೀಟಿ ಎತ್ತುವ ಮಾದರಿಯಲ್ಲಿ ಆರಿಸಿ ಸಾಕುಕುಟುಂಬಗಳಿಗೆ ಒಪ್ಪಿಸಲಾಯಿತು. ಮನೆ ಸೇರಿದ ಮಕ್ಕಳು ಬುದ್ಧಿಯಲ್ಲೂ ಬಾಂಧವ್ಯದಲ್ಲೂ ಚೇತರಿಸಿಕೊಂಡವು. ಸುಮಾರು 2 ವರ್ಷ ತುಂಬುವ ಮುನ್ನವೇ ಮನೆ ಸಿಕ್ಕ ಮಕ್ಕಳ ಚೇತರಿಕೆ ಹೆಚ್ಚಾಗಿತ್ತು.

ಮುಖದ ಮಾತು

ಅನಾಥಾಲಯದ ಮಾತು ಹಾಗಿರಲಿ, ತಾಯಿಯ ಮಡಿಲಲ್ಲೇ ಇರುವ ಕೂಸಿನ ಮನಸ್ಸಿನಲ್ಲಿ ನಡೆಯುವುದೇನು? ಅಮೆರಿಕದ ಎಡ್ವರ್ಡ್ ಟ್ರೋನಿಕ್ 1970ರ ದಶಕದಲ್ಲಿ ನಡೆಸಿದ ಪ್ರಯೋಗ ಬಹು ಸರಳ. ತಾಯಿ ಕೆಲವು ತಿಂಗಳ ಮಗುವಿನೊಡನೆ ನಕ್ಕು ಆಡುತ್ತಾಳೆ. ಬಳಿಕ ಕೆಲವು ನಿಮಿಷ ಅದರತ್ತಲೇ ನೋಡುತ್ತ ಮುಖದಲ್ಲಿ ಯಾವ ಭಾವವನ್ನೂ ತೋರದೆ ಸುಮ್ಮನಿರುತ್ತಾಳೆ. ಮಗು ಮೊದಲು ನಕ್ಕು ಕರೆಯುತ್ತದೆ, ಕೈ ಚಾಚುತ್ತದೆ, ದನಿ ತೆಗೆಯುತ್ತದೆ. ಯಾವುದೂ ಫಲಿಸದಾಗ ಮುಖ ತಿರುಗಿಸಿ, ಮೈ ಕುಗ್ಗಿಸಿ, ಕೊನೆಗೆ ಅಳುತ್ತದೆ. ತನ್ನ ಕರೆಗೆ ಓಗೊಡುವ ಮುಖ ಬೇಕೆಂಬುದು ಹಾಲಿನಷ್ಟೇ ಮೂಲಭೂತ ಹಸಿವೆಂದು ಆ ದೃಶ್ಯಗಳನ್ನು ಕಂಡವರಿಗೆ ಬೇರೆ ಹೇಳಬೇಕಾಗಿಲ್ಲ.

ಇದೇ ಸಂಶೋಧಕರ ಇನ್ನೊಂದು ಶೋಧ ಅಷ್ಟಾಗಿ ಪ್ರಚಾರಕ್ಕೆ ಬರಲಿಲ್ಲ. ಹೆತ್ತವರಿಗೆ ನೆಮ್ಮದಿ ನೀಡುವುದು ಅದೇ. ಚೆನ್ನಾಗಿ ಹೊಂದಿಕೊಂಡ ತಾಯಿ ಮಗುವಿನ ಜೋಡಿಗಳಲ್ಲೂ ಇಬ್ಬರ ಭಾವ ಕೂಡಿಬರುವುದು ಸುಮಾರು ಶೇ 30ರಷ್ಟು ಸಮಯ ಮಾತ್ರ. ಉಳಿದ ಹೊತ್ತು ತಪ್ಪುವುದು, ಮತ್ತೆ ಸರಿಪಡಿಸಿಕೊಳ್ಳುವುದು. ಹಸಿವೆಂದು ತಿಳಿದು ಹಾಲೂಡಲು ಹೋದರೆ ಮಗುವಿಗೆ ನಿದ್ರೆ ಬೇಕಿರುತ್ತದೆ. ತಿಳಿದೊಡನೆ ತಾಯಿ ಹೆಗಲಿಗೇರಿಸಿ ತಟ್ಟುತ್ತಾಳೆ. ಕೆಟ್ಟದ್ದು ಸರಿಹೋಗುತ್ತದೆ ಎಂಬ ನಂಬಿಕೆಯನ್ನು ಮಗು ಕಲಿಯುವುದು ಇಂಥ ಗಳಿಗೆಗಳಲ್ಲಿ. ಕ್ಷಣಮಾತ್ರವೂ ತಪ್ಪದ ತಾಯಿ ಯಾವ ಮಗುವಿಗೂ ಬೇಕಿಲ್ಲ.

ಕನ್ನಡ ನಾಡಿನ ಮನೆಗಳಿಗೆ ಈ ಮುಖಾಮುಖಿ ಹೊಸತಲ್ಲ. ಅಜ್ಜಿ ನೀಳವಾಗಿ ಕಾಲು ಚಾಚಿ ಕುಳಿತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಮೈಗೆ ಎಣ್ಣೆ ಸವರಿ ನೀರೆರೆಯುವಾಗ ಮಾತು ನಿಲ್ಲುವುದೇ ಇಲ್ಲ. ಕೂಸು ‘ಊಂ’ ಎಂದರೆ ಅಜ್ಜಿಯೂ ‘ಊಂ’ ಎನ್ನುತ್ತಾಳೆ. ಕೂಸಿನ ಸರದಿ ಬರಲೆಂದು ಕಾಯುತ್ತಾಳೆ. ತೊಟ್ಟಿಲು, ಜೋಗುಳ, ಚಂದಮಾಮನನ್ನು ತೋರಿಸಿ ಉಣ್ಣಿಸುವುದು ಎಲ್ಲವೂ ಇದೇ ಬಗೆಯ ಸಂವಾದಗಳು. ಕಿವಿ ಮೂಗಿಗೆ ಎಣ್ಣೆ ಬಿಡುವುದು, ಸಾಂಬ್ರಾಣಿಯ ದಟ್ಟ ಹೊಗೆ ಹಾಕುವುದು ಬೇಡವೆಂದು ಶಿಶುತಜ್ಞರು ಹೇಳುವುದನ್ನು ಒಪ್ಪಬೇಕು. ಅದರ ಜೊತೆಗೆ ಅಜ್ಜಿಯ ಮಾತನ್ನೂ ಬಿಡಬೇಕಾಗಿಲ್ಲ.

ಬಾಣಂತಿಯ ದುಗುಡ

ತಾಯಿಯ ಮುಖವೇ ಬಾಡಿದ್ದರೆ? ಹೆರಿಗೆಯಾದ ಮೊದಲ ವಾರದಲ್ಲಿ ಅಕಾರಣ ಅಳು, ಬೇಸರ ಬಹುತೇಕ ಬಾಣಂತಿಯರಲ್ಲಿ ಕಾಣಿಸಿಕೊಂಡು ಎರಡು ವಾರಗಳೊಳಗೆ ತಾನಾಗಿ ಮಾಯವಾಗುತ್ತದೆ. ಅದಕ್ಕೂ ಮೀರಿ ಮುಂದುವರಿಯುವ ಕುಗ್ಗುವಿಕೆ, ನಿದ್ರಾಹೀನತೆ, ಮಗುವಿನ ಮೇಲೆ ಮನಸ್ಸೇ ಬಾರದಿರುವುದು, ಬದುಕು ಬೇಡವೆನಿಸುವುದು ಪ್ರಸವೋತ್ತರ ಖಿನ್ನತೆಯ ಲಕ್ಷಣಗಳು. ಸಾವಿರ ಹೆರಿಗೆಗಳಲ್ಲಿ ಒಂದೆರಡು ಪ್ರಕರಣಗಳಲ್ಲಿ ಭ್ರಮೆ, ಅಸಂಬದ್ಧ ಮಾತು, ಗೊಂದಲಗಳಿಂದ ಕೂಡಿದ ತೀವ್ರ ಮನೋರೋಗ ಕಾಣಿಸಿಕೊಳ್ಳುವುದುಂಟು; ಇದಕ್ಕೆ ತಡಮಾಡದೆ ಆಸ್ಪತ್ರೆಯ ಚಿಕಿತ್ಸೆ ಬೇಕು.

ನೆರೆಯ ಗೋವಾದಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ 23ರಷ್ಟು ಬಾಣಂತಿಯರು ಹೆರಿಗೆಯ 6ರಿಂದ 8 ವಾರಗಳ ಬಳಿಕ ಖಿನ್ನತೆಯಿಂದ ಬಳಲುತ್ತಿದ್ದರು. ಬಡತನ, ಗಂಡನ ಹಿಂಸೆ ಇದ್ದಲ್ಲಿ ಅಪಾಯ ಹೆಚ್ಚು. ಹುಟ್ಟಿದ್ದು ಹೆಣ್ಣುಮಗುವಾದುದೂ ಕಾರಣಗಳಲ್ಲೊಂದಾಗಿತ್ತು. ಮಗು ಹೆಣ್ಣೆಂದು ಮನೆಮಂದಿ ಮುಖ ಸಿಂಡರಿಸಿದರೆ ಅದರ ಬೆಲೆಯನ್ನು ತಾಯಿ ಮಗು ಇಬ್ಬರೂ ತೆರುತ್ತಾರೆ. ಖಿನ್ನ ತಾಯಂದಿರ ಮಕ್ಕಳು 6 ತಿಂಗಳಾದಾಗ ತೂಕ, ಉದ್ದ ಹಾಗೂ ಮಾನಸಿಕ ಬೆಳವಣಿಗೆಗಳಲ್ಲಿ ಹಿಂದಿದ್ದುದು ಮರುವರ್ಷ ಪ್ರಕಟವಾದ ವರದಿಯಿಂದ ತಿಳಿದುಬಂತು.

ಇದಕ್ಕೆ ಪರಿಹಾರ ದುಬಾರಿಯೇ ಆಗಬೇಕೆಂದಿಲ್ಲ. ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳಲ್ಲಿ ಅತೀಫ್ ರೆಹಮಾನ್ ಅವರ ತಂಡ ಆರೋಗ್ಯ ಕಾರ್ಯಕರ್ತೆಯರಿಗೆ ಸರಳ ಸಮಾಲೋಚನೆಯ ತರಬೇತಿ ನೀಡಿ ಖಿನ್ನ ಗರ್ಭಿಣಿಯರ ಮನೆಗೆ ಕಳುಹಿಸಿತು. ಅವರಾರೂ ಮನೋವೈದ್ಯರಲ್ಲ, ನಮ್ಮ ಆಶಾ ಕಾರ್ಯಕರ್ತೆಯರಂಥವರು. 2008ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಮಗುವಿಗೆ 6 ತಿಂಗಳಾಗುವ ಹೊತ್ತಿಗೆ ಈ ನೆರವು ಪಡೆದವರಲ್ಲಿ ಶೇ 23 ಮಂದಿಯಲ್ಲಿ ಮಾತ್ರ ಖಿನ್ನತೆ ಉಳಿದಿತ್ತು. ಪಡೆಯದವರಲ್ಲಿ ಅದು ಶೇ 53. ನೆರವು ಪಡೆದ ಮನೆಗಳಲ್ಲಿ ತಂದೆತಾಯಿ ಇಬ್ಬರೂ ಮಗುವಿನೊಡನೆ ಹೆಚ್ಚು ಹೊತ್ತು ಆಡುತ್ತಿದ್ದರು, ಚುಚ್ಚುಮದ್ದುಗಳೂ ತಪ್ಪುತ್ತಿರಲಿಲ್ಲ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಲ್ಲಿ ತಾಯಿ ಮತ್ತು ಶಿಶುವನ್ನು ಒಟ್ಟಿಗೇ ದಾಖಲಿಸಿಕೊಳ್ಳುವ ಪ್ರತ್ಯೇಕ ವಿಭಾಗ ಆರಂಭವಾಯಿತು. ತಾಯಿಯ ಚಿಕಿತ್ಸೆಗಾಗಿ ಕೂಸನ್ನು ಅಗಲಿಸಿದರೆ ಇಬ್ಬರಿಗೂ ನಷ್ಟವೆಂಬುದೇ ಇದರ ಹಿಂದಿನ ವಿಚಾರ. ಬಾಣಂತಿಯ ಖಿನ್ನತೆಯನ್ನು ಆರಂಭದಲ್ಲೇ ಗುರುತಿಸಲು 1987ರಲ್ಲಿ ಎಡಿನ್‌ಬರೊದಲ್ಲಿ ರೂಪುಗೊಂಡ 10 ಪ್ರಶ್ನೆಗಳ ಪಟ್ಟಿ ಕನ್ನಡದಲ್ಲೂ ಇದೆ. ಉತ್ತರಿಸಲು ಐದಾರು ನಿಮಿಷ ಸಾಕು.

ತವರಿನಿಂದ ಮರಳಿದ ಮೇಲೆ

ಚೊಚ್ಚಲ ಬಾಣಂತನ ತವರಿನಲ್ಲಿ ನಡೆಯುವುದು ರೂಢಿ. ಮೂರು ಅಥವಾ ಐದು ತಿಂಗಳು ತಾಯಿ, ಅತ್ತಿಗೆ, ಚಿಕ್ಕಮ್ಮಂದಿರು ಸುತ್ತ ಇರುತ್ತಾರೆ. ಮಗು ಕೈಯಿಂದ ಕೈಗೆ ದಾಟುತ್ತಿರುತ್ತದೆ. ತೊಟ್ಟಿಲೊಡನೆ ಗಂಡನ ಮನೆಗೆ, ಅಂದರೆ ಬಹುಪಾಲು ನಗರವಾಸಿಗಳಿಗೆ ಎರಡು ಕೋಣೆಯ ಫ್ಲ್ಯಾಟಿಗೆ, ಮರಳಿದ ಮರುದಿನದಿಂದ ಒಂದು ಜೊತೆ ಕೈಗಳು ಮಾತ್ರ ಉಳಿಯುತ್ತವೆ. ಗಂಡ ಬೆಳಿಗ್ಗೆ ಹೊರಟರೆ ಬರುವುದು ರಾತ್ರಿ. ಮಗುವಿಗೆ ಅಪರಿಚಿತರ ಭಯ, ತಾಯಿ ಕಣ್ಮರೆಯಾದರೆ ಅಳು ಆರಂಭವಾಗುವುದೂ 6ರಿಂದ 9 ತಿಂಗಳ ನಡುವೆ; ತಾಯಿಯ ರಜೆ ಮುಗಿಯುವುದೂ ಹೆಚ್ಚುಕಡಿಮೆ ಅದೇ ವೇಳೆಗೆ. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯು ಮೊದಲ ಎರಡು ಮಕ್ಕಳಿಗೆ 26 ವಾರಗಳ ವೇತನಸಹಿತ ರಜೆಯನ್ನೂ, 50 ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರವನ್ನೂ ಕಡ್ಡಾಯಗೊಳಿಸಿತು. ಮನೆಗೆಲಸ, ಕಟ್ಟಡ ಕೆಲಸದ ತಾಯಂದಿರಿಗೆ ಇದರ ನೆರಳೂ ಸೋಕಿಲ್ಲ. ಗ್ರಾಮಾಂತರದಲ್ಲಿ ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ ರಾಜ್ಯ ಸರ್ಕಾರ 2023ರಲ್ಲಿ ‘ಕೂಸಿನ ಮನೆ’ ಯೋಜನೆಯನ್ನು ಪ್ರಕಟಿಸಿತು.

ಶಿಶುಪಾಲನಾ ಕೇಂದ್ರವನ್ನು ಆರಿಸುವಾಗ ಹೆತ್ತವರು ಗೋಡೆಯ ಚಿತ್ರ, ಆಟಿಕೆ, ಕ್ಯಾಮೆರಾಗಳನ್ನು ನೋಡುವುದೇ ಹೆಚ್ಚು. ಒಬ್ಬ ಆಯಾ ಎಷ್ಟು ಮಕ್ಕಳನ್ನು ನೋಡಿಕೊಳ್ಳುತ್ತಾಳೆ, ಆಕೆ ಎಷ್ಟು ತಿಂಗಳಿಂದ ಅಲ್ಲಿದ್ದಾಳೆ ಎಂಬ ಎರಡು ಪ್ರಶ್ನೆಗಳು ಅವೆಲ್ಲಕ್ಕಿಂತ ಮುಖ್ಯ. ಆರೈಕೆ ಮಾಡುವವರು ಪದೇಪದೇ ಬದಲಾದರೆ ಮಗು ಯಾರನ್ನೂ ನೆಚ್ಚಿಕೊಳ್ಳಲಾರದು. ಸೇರಿಸಿದ ಮೊದಲ ವಾರ ತಾಯಿ ಅಥವಾ ತಂದೆ ಕೆಲಹೊತ್ತು ಜೊತೆಗಿದ್ದು, ಹೊರಡುವಾಗ ಹೇಳಿಯೇ ಹೊರಡುವುದು ಲೇಸು. ಕದ್ದು ಹೊರಟರೆ ಆ ಹೊತ್ತಿನ ಅಳು ತಪ್ಪಬಹುದು, ನಂಬಿಕೆ ಕುಂದುತ್ತದೆ.

ಮೊಬೈಲ್ ತೋರಿಸಿ ಉಣ್ಣಿಸುವ ಚಾಳಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯ ಪ್ರಕಾರ ಒಂದು ವರ್ಷದವರೆಗೆ ಪರದೆ ಬೇಡವೇ ಬೇಡ. 2ರಿಂದ 4 ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು. ಪರದೆ ಮಗುವಿಗೆ ಓಗೊಡುವುದಿಲ್ಲ ಎಂಬುದೇ ಮುಖ್ಯ ಆಕ್ಷೇಪ.

ಗುರುತಿಸುವುದು, ನೆರವು ಪಡೆಯುವುದು

ಅಳದ, ರಚ್ಚೆ ಹಿಡಿಯದ ಕೂಸನ್ನು ‘ಬಹಳ ಸಮಾಧಾನದ ಮಗು’ ಎಂದು ಹೊಗಳುವುದುಂಟು. ಬಹುಪಾಲು ಅದು ನಿಜವೂ ಹೌದು. ಆದರೆ ಮಗು ಯಾರ ಮುಖವನ್ನೂ ದಿಟ್ಟಿಸದೆ, ಎತ್ತಿಕೊಂಡರೂ ಇಳಿಸಿದರೂ ಒಂದೇ ಸಮನಿದ್ದರೆ ಅದು ಗಮನಿಸಬೇಕಾದ ವಿಷಯ. ಮೂರು ತಿಂಗಳಾದರೂ ಮುಖ ನೋಡಿ ನಗದಿರುವುದು, ವರ್ಷ ತುಂಬಿದರೂ ಹೆಸರು ಕರೆದರೆ ತಿರುಗದಿರುವುದು, ಒಂದೂವರೆ ವರ್ಷವಾದರೂ ಬೆರಳು ತೋರಿಸದಿರುವುದು, ಕಲಿತ ಮಾತು ಮರೆಯುವುದು, ಯಾವುದಕ್ಕೂ ತಣಿಯದ ಅಳು, ಹಾಲು ನಿದ್ರೆಗಳಲ್ಲಿ ದೀರ್ಘಕಾಲದ ಏರುಪೇರು ಇವು ಶಿಶುತಜ್ಞರ ಬಳಿ ಪ್ರಸ್ತಾಪಿಸಬೇಕಾದ ಸಂಗತಿಗಳು. ಇವುಗಳಲ್ಲಿ ಕೆಲವಕ್ಕೆ ಕಿವಿಯ ದೋಷವೋ ಆಟಿಸಂ ಮುಂತಾದ ಬೆಳವಣಿಗೆಯ ತೊಡಕೋ ಕಾರಣವಿರಬಹುದು. ಅದು ತಾಯಿಯ ತಪ್ಪಲ್ಲ. ಒಂದು ಕಾಲದಲ್ಲಿ ಆಟಿಸಂಗೆ ತಾಯಂದಿರ ತಣ್ಣನೆಯ ವರ್ತನೆಯೇ ಕಾರಣವೆಂದು ದೊಡ್ಡ ದೊಡ್ಡ ವೈದ್ಯರೇ ದೂರಿದ್ದರು. ಆ ವಾದ ಸುಳ್ಳೆಂದು ಸಿದ್ಧವಾಗಿದೆ.

ಅವಧಿಗೆ ಮುನ್ನ ಹುಟ್ಟಿದ, ಕಡಿಮೆ ತೂಕದ ಶಿಶುಗಳನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಅಪ್ಪಿಸುವ ಕಾಂಗರೂ ಆರೈಕೆ 1970ರ ದಶಕದ ಕೊನೆಯಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಆರಂಭವಾಯಿತು. ಹುಟ್ಟಿದೊಡನೆ ಇದನ್ನು ಆರಂಭಿಸಿದರೆ ಮರಣ ಪ್ರಮಾಣ ಶೇ 25ರಷ್ಟು ತಗ್ಗುವುದೆಂದು ಭಾರತವೂ ಸೇರಿ 5 ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿದೆ. ತಂದೆಯೂ ಹೀಗೆ ಅಪ್ಪಿಕೊಳ್ಳಬಹುದು.

ಅಂಗನವಾಡಿ ವ್ಯವಸ್ಥೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಆರಂಭವಾದಾಗ ಅದರ ಗಮನವೆಲ್ಲ ಪೌಷ್ಟಿಕ ಆಹಾರ, ಆರೋಗ್ಯ, ಶಾಲಾಪೂರ್ವ ಶಿಕ್ಷಣದ ಮೇಲಿತ್ತು. ಮೂರು ವರ್ಷದೊಳಗಿನ ಮಕ್ಕಳೊಡನೆ ಮನೆಯಲ್ಲಿ ಆಡುವ, ಮಾತಾಡುವ ಬಗೆಯನ್ನು ತಿಳಿಸುವ ‘ನವಚೇತನ’ ಎಂಬ ರಾಷ್ಟ್ರೀಯ ಮಾರ್ಗಸೂಚಿ ಬಂದುದು 2024ರಲ್ಲಿ. ಅದರಲ್ಲಿ ತಿಂಗಳುವಾರು 140 ಚಟುವಟಿಕೆಗಳಿವೆ. ಬೆಳವಣಿಗೆಯಲ್ಲಿ ಸಂಶಯವಿದ್ದರೆ ಅಂಗನವಾಡಿ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಿಳಿಸಿದರೆ, ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ತಪಾಸಣೆ ಮಾಡಿ ಅಗತ್ಯವಿದ್ದಲ್ಲಿ ಜಿಲ್ಲಾ ಮಟ್ಟದ ಕೇಂದ್ರಕ್ಕೆ ಕಳುಹಿಸುತ್ತದೆ. ಬಾಣಂತಿಯ ಮನೋವ್ಯಥೆಗೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಇದು ಉಚಿತ, ದಿನದ 24 ಗಂಟೆಯೂ ಕನ್ನಡದಲ್ಲಿ ಮಾತಾಡುವ ಸಮಾಲೋಚಕರು ದೊರೆಯುತ್ತಾರೆ. ಕರೆಯನ್ನು ಬಾಣಂತಿಯೇ ಮಾಡಬೇಕೆಂದಿಲ್ಲ, ಗಂಡನೋ ಅತ್ತೆಯೋ ಮಾಡಿದರೂ ಆದೀತು.